ಒಬ್ಬನ ಕಂಪ್ಯೂಟರಿನಲ್ಲಿ ಮಾತ್ರ

ಬೇರಿಕೆಯ ಭಾನುವಿಗೆ ಹೊಸೂರಿನ ಆ ಚಿಕ್ಕ ಕಂಪನಿಯಲ್ಲಿ ಕೆಲಸ ಕೊಡಿಸಿದವನೇ ಲಕ್ಷ್ಮೀಪತಿ. ಅವಳ ಊರಿನವನೇ, ವಯಸ್ಸಿನಲ್ಲಿ ದೊಡ್ಡವನು. ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

ಕಾರ್ಖಾನೆಗಳ ತೂಕದ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ಐದಾರು ಜನ ಬರೆದದ್ದನ್ನೆಲ್ಲ ಕೂಡಿಸಿ ಗಿರಾಕಿಗೆ ಕೊಡುವ ಪ್ರೋಗ್ರಾಮ್ ಮಾಡುವುದಕ್ಕೆ ಬಿಲ್ಡ್ ಎನ್ನುತ್ತಿದ್ದರು. ಅದು ಆಗುತ್ತಿದ್ದುದು ಲಕ್ಷ್ಮೀಪತಿಯ ಕಂಪ್ಯೂಟರಿನಲ್ಲಿ ಮಾತ್ರ. ೨೦೦೬ರಲ್ಲಿ ಅವನ ಮಗಳ ನಾಮಕರಣದ ದಿನವೂ ಮಾಲೀಕರು ಬಿಲ್ಡ್ ಬೇಕೆಂದು ಫೋನ್ ಮಾಡಿ ಕರೆಸಿಕೊಂಡರು. ಅವನು ಹಬ್ಬದ ಬಟ್ಟೆಯಲ್ಲೇ ಬಂದು ಕೂತದ್ದನ್ನು ಭಾನು ನೋಡಿದಳು.

"ಇದು ತಾನಾಗೇ ಆಗೋಂಗೆ ಮಾಡ್ತೀನಣ್ಣ. ನೀನು ನೆಮ್ಮದಿಯಾಗಿ ಮನೇಲಿರ್ಬೋದು," ಎಂದಳು.

"ಮಾಡವ್ವ, ಬ್ಯಾಡ ಅಂದೋರ್ಯಾರು," ಎಂದು ಅವನು ನಕ್ಕ.

ಎಲ್ಲರೂ ತಾವು ಬರೆದದ್ದನ್ನು ಆಫೀಸಿಗೆಲ್ಲ ಒಂದೇ ಆದ ಸರ್ವರ್ ಕಂಪ್ಯೂಟರಿಗೆ ಹಾಕುತ್ತಿದ್ದರು. ಯಾರು ಏನು ಬದಲಿಸಿದರೂ ಅಲ್ಲಿ ದಾಖಲಾಗುತ್ತಿತ್ತು. ಭಾನು ಬೇರೊಂದು ಕಂಪ್ಯೂಟರ್ ಇಟ್ಟು, ಅದು ಸರ್ವರಿನಲ್ಲಿದ್ದದ್ದನ್ನಷ್ಟೇ ಎತ್ತಿಕೊಂಡು ಮೊದಲಿಂದ ಬಿಲ್ಡ್ ಮಾಡುವಂತೆ ಹೊಂದಿಸಿದಳು. ಮೊದಲ ದಿನವೇ ಅದು ನಿಂತುಹೋಯಿತು. ತೂಕ ಲೆಕ್ಕ ಹಾಕುವ ಫೈಲೇ ಸರ್ವರಿನಲ್ಲಿರಲಿಲ್ಲ.

"ಅಯ್ಯೋ, ನನ್ ಹತ್ರಾನೇ ಉಳ್ಕೊಂಡದೆ ಕಣಮ್ಮ," ಎಂದು ಲಕ್ಷ್ಮೀಪತಿ ತಾನೇ ಅದನ್ನು ಸರ್ವರಿಗೆ ಹಾಕಿದ. ಬಿಲ್ಡ್ ಆಯಿತು. ಆಫೀಸಿನಲ್ಲಿ ಸಣ್ಣ ತೂಕದ ಕಲ್ಲುಗಳನ್ನಿಟ್ಟು ನೋಡಿದರೆ ತೂಕವೂ ಸರಿಯಾಗಿತ್ತು. ಅವನೇ ಎಲ್ಲರಿಗೂ ಬೋಂಡಾ ತರಿಸಿದ.

ಕೃಷ್ಣಗಿರಿಯ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಆ ಬಿಲ್ಡಿನಿಂದ ದೊಡ್ಡ ಪೀಪಾಯಿಗಳನ್ನು ತೂಗಿದಾಗ ಮಾತ್ರ ತೂಕ ತಪ್ಪಿ ಎಲ್ಲ ಎಡವಟ್ಟಾಯಿತು. ಒಂದು ಲಾರಿ ಮಾಲು ವಾಪಸ್ ಬಂತು. ಮಾಲೀಕರು ಕೂಗಾಡಿದರು.

"ಚಿಕ್ ಹುಡ್ಗಿ ಸಾರ್, ಆತ್ರ ಜಾಸ್ತಿ. ನಾನ್ ಆವಾಗ್ಲೇ ಹೇಳಿದ್ದೆ," ಎಂದ ಲಕ್ಷ್ಮೀಪತಿ, ಅವಳೆದುರಿಗೇ.

ಅವನು ಹಾಗೆ ಹೇಳಿಯೇ ಇರಲಿಲ್ಲ. ಅಂದೇ ಅವನು ತನ್ನ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಬಿಲ್ಡ್ ಸರಿಯಾಗಿ ತೂಗಿತು. ಭಾನು ಸರ್ವರಿನಲ್ಲಿದ್ದ ಫೈಲನ್ನೂ ಅವನ ಕಂಪ್ಯೂಟರಿನಲ್ಲಿದ್ದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಅವನು ಸರ್ವರಿಗೆ ಹಾಕಿದ್ದು, ದೊಡ್ಡ ತೂಕಕ್ಕೆ ತಪ್ಪು ಲೆಕ್ಕ ಕೊಡುತ್ತದೆಂದು ಯಾವತ್ತೋ ಬಿಸಾಕಿದ ಹಳೆಯ ಫೈಲು. ಸರಿಯಾದದ್ದು ಅವನ ಹತ್ತಿರವೇ ಭದ್ರವಾಗಿತ್ತು.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನನ್ನು ಹಿಡಿದಳು.

"ಗೊತ್ತಿದ್ದೇ ಹಾಕ್ದ್ಯಾ ಅಣ್ಣ?"

ಅವನು ಟೀ ಆರಿಸಿ ಒಂದು ಗುಟುಕು ಕುಡಿದ. ಆಮೇಲೆ, "ಆ ಕೆಲ್ಸಾನೂ ಮಿಷಿನ್ನೇ ಮಾಡ್ಬುಟ್ರೆ ನನ್ನ ಯಾಕಮ್ಮ ಇಟ್ಕೋತಾರೆ?" ಎಂದ.

"ಇದ್ನೇ ಮೊದ್ಲು ಹೇಳಿದ್ರೆ ನಾನು ಕೈ ಹಾಕ್ತಾನೇ ಇರ್ಲಿಲ್ವಲ್ಲ."

ಅವನು ಇಬ್ಬರ ಟೀ ಕಾಸನ್ನೂ ಕೊಟ್ಟು ಬಸ್ಸಿನತ್ತ ನಡೆದ. ಮರುದಿನ ಅವಳು ಮಾಲೀಕರಿಗೆ ಎರಡೂ ಫೈಲುಗಳನ್ನು ತೋರಿಸಿದಳು. ಅವರು ನೋಡಿದರು, ಅರ್ಥವೂ ಆಯಿತು. "ನಿನ್ ಮಿಷಿನ್ ಮೇಲೆ ಗಿರಾಕಿಗೆ ಇನ್ನು ನಂಬ್ಕೆ ಬರಲ್ಲ. ಅವ್ನು ಹೋದ್ರೆ ನಾಳೆ ಬಿಲ್ಡ್ ಯಾರು ಕೊಡ್ತಾರಮ್ಮ?" ಎಂದರು. ಸಂಜೆಗೆ ಅವಳು ಇಟ್ಟಿದ್ದ ಬಿಲ್ಡ್ ಕಂಪ್ಯೂಟರನ್ನು ಬಿಚ್ಚಿಸಿದರು.

ಭಾನು ಆ ವಾರವೇ ಕೆಲಸ ಬಿಟ್ಟಳು. ಮತ್ತಿಗಿರಿಯ ಇನ್ನೊಂದು ಕಂಪನಿಯಲ್ಲಿ ಅದೇ ವ್ಯವಸ್ಥೆ ಕಟ್ಟಿದಳು, ಚೆನ್ನಾಗಿಯೇ ನಡೆಯಿತು. ಅಲ್ಲಿ ಭೂಮಿಕಾ ಎಂಬ ಹುಡುಗಿ ದಿನವೂ, "ಬಾ ಅಕ್ಕ, ಒಟ್ಗೆ ಉಣ್ಣಾನ," ಎಂದು ಕರೆಯುತ್ತಿದ್ದಳು. ಭಾನು ಏನಾದರೊಂದು ನೆಪ ಹೇಳಿ, ಡಬ್ಬಿ ಬಿಚ್ಚಿಕೊಂಡು ತನ್ನ ಜಾಗದಲ್ಲೇ ಒಬ್ಬಳೇ ಉಣ್ಣುತ್ತಿದ್ದಳು.