ಸುಗುಣ ಆಂಟಿಗೆ ಬಂದ ವಚನ

ಹೋದ ವರ್ಷ ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ನಡೆದದ್ದು. ಆ ದಿನಗಳಲ್ಲಿ ನಮ್ಮ ಸಭೆಯವರು ವಾರಕ್ಕೊಂದು ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತೇವೆ. ಆ ಶುಕ್ರವಾರ ಸಂದೇಶ ಕೊಡುವ ಸರದಿ ನನ್ನದು. ದೇವರು ತನ್ನ ಸೇವಕರನ್ನು ಹೇಗೆಲ್ಲ ಕಾಪಾಡಿದ ಅನ್ನುವುದೇ ವಿಷಯ. ಎಲೀಯನಿಗೆ ಕಾಗೆಗಳು ರೊಟ್ಟಿ ತಂದುಕೊಟ್ಟದ್ದು, ದಾನಿಯೇಲನನ್ನು ಸಿಂಹಗಳು ಮುಟ್ಟದೆ ಹೋದದ್ದು, ಪೇತ್ರನನ್ನು ದೇವದೂತ ಸೆರೆಮನೆಯಿಂದ ಬಿಡಿಸಿದ್ದು, ಎಲ್ಲವನ್ನೂ ಒಗ್ಗರಣೆ ಹಾಕುತ್ತಲೇ ಬಾಯಿಪಾಠ ಮಾಡಿದ್ದೆ. ಭಾರೀ ಜಂಬ ನನಗೆ!

ಚಾಮರಾಜಪೇಟೆಯಲ್ಲಿ ಆಟೋ ಇಳಿಯುವಷ್ಟರಲ್ಲಿ ಗೆಳತಿಯ ಫೋನ್ ಬಂತು. "ಪ್ರೇಮಾ, ಮನೆ ಬದಲಾಗಿದೆ ಕಣೇ. ಇವತ್ತು ಸೇರ್ಬೇಕಿದ್ದ ಮನೇಲಿ ಮಗೂಗೆ ಜ್ವರ ಅಂತೆ. ಸುಗುಣ ಆಂಟಿ ಮನೆಗೆ ಬಂದ್ಬಿಡು."

ಅಯ್ಯೋ ದೇವರೇ! ಸುಗುಣ ಆಂಟಿಯ ಯಜಮಾನರು ನಮ್ಮ ಸಭೆಯ ಉಪದೇಶಿಗಳಾಗಿದ್ದವರು. ಅದರ ಹಿಂದಿನ ವರ್ಷ ಕಾಯಿಲೆಯವರೊಬ್ಬರಿಗಾಗಿ ಪ್ರಾರ್ಥಿಸಲು ಹೊರಟವರು, ಮಾರ್ಕೆಟ್ ಹತ್ತಿರ ಸ್ಕೂಟರಿಗೆ ಬಸ್ ತಾಗಿ ತೀರಿಕೊಂಡಿದ್ದರು. ಅಂಥ ಮನೆಯಲ್ಲಿ ಕೂತು ದೇವರು ಸೇವಕರನ್ನು ಕಾಪಾಡುತ್ತಾನೆ ಅನ್ನಲೇ? ಆಂಟಿಯ ಗಾಯ ಮತ್ತೆ ಕೆದಕಿದಂತಾಗುವುದಿಲ್ಲವೇ? ಬೇರೆ ವಿಷಯವೂ ಹೊಳೆಯಲಿಲ್ಲ. ಯೋಚಿಸುತ್ತಲೇ ಅವರ ಮನೆ ಮುಟ್ಟಿದ್ದೆ; ವಾಪಸ್ ಹೋಗಿಬಿಡೋಣವೆಂದರೆ ಗೇಟಿನಲ್ಲೇ ಆಂಟಿ ನಿಂತಿದ್ದಾರೆ. "ಬಾಮ್ಮ, ನಿಂಗೋಸ್ಕರಾನೇ ಕಾಯ್ತಿದೀವಿ," ಎಂದರು.

ಪೇತ್ರ ಸೆರೆಯಲ್ಲಿದ್ದಾಗ ಸಭೆಯವರು ಒಂದು ಮನೆಯಲ್ಲಿ ಸೇರಿ ಅವನಿಗಾಗಿ ಪ್ರಾರ್ಥಿಸುತ್ತಿದ್ದರಲ್ಲ, ಆ ಮನೆಪ್ರಾರ್ಥನೆಯ ಬಗ್ಗೆ ನಾಲ್ಕು ಮಾತಾಡಿ ಜಾರಿಕೊಳ್ಳೋಣ ಅಂದುಕೊಂಡೆ. "ಅಪೊಸ್ತಲರ ಕೃತ್ಯಗಳು, ಹನ್ನೆರಡನೇ ಅಧ್ಯಾಯ, ಐದನೇ ವಚನದಿಂದ," ಎಂದೆ.

ಸಭೆಯ ಹಿರಿಯರೊಬ್ಬರು, "ಮೊದಲಿಂದಲೇ ಓದೋಣಮ್ಮ, ಎಲ್ರಿಗೂ ಒಂದೊಂದು ಬರ್ಲಿ," ಎಂದರು. ನಮ್ಮಲ್ಲಿ ಹಾಗೇ, ಕೂತ ಸಾಲಿನಲ್ಲೇ ಒಬ್ಬೊಬ್ಬರು ಒಂದೊಂದು ವಚನ ಓದುತ್ತೇವೆ. ಮೊದಲನೆಯದು ಅವರದಾಯಿತು. ಎರಡನೆಯದು ಪಕ್ಕದಲ್ಲಿದ್ದ ಸುಗುಣ ಆಂಟಿಗೆ ಬಂತು. ಅರಸ ಹೆರೋದ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ವಚನ. ಆಂಟಿ ಓದಿ ನಿಲ್ಲಿಸಿ ನನ್ನನ್ನೇ ನೋಡಿದರು.

"ಯಾಕೋಬನೂ ಸೇವಕನೇ ಅಲ್ವೇನಮ್ಮ? ಪೇತ್ರಂಗೆ ಬಂದ ದೂತ ಇವನಿಗ್ಯಾಕೆ ಬರ್ಲಿಲ್ಲ?"

ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. "ಗೊತ್ತಿಲ್ಲ ಆಂಟಿ," ಎಂದುಬಿಟ್ಟೆ. ಹಿರಿಯರು ಏನೋ ಹೇಳಲು ಹೋದರು, ಆಂಟಿ ಕೈಯೆತ್ತಿ ತಡೆದರು.

"ನಂಗೂ ಗೊತ್ತಿಲ್ಲ ಕಣಮ್ಮ. ಇಷ್ಟು ದಿನ ಬಂದೋರೆಲ್ಲ ಗೊತ್ತು ಗೊತ್ತು ಅಂತ್ಲೇ ಹೇಳಿ, ಕಾಫಿ ಕುಡಿದು ಹೋದ್ರು." ಹಾಗಂದವರು ನಕ್ಕೇಬಿಟ್ಟರು. ನಗುನಗುತ್ತಲೇ ಅಳು ಬಂತು. ನಾನೂ ಅತ್ತೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅವರೇ ಕೇಳಿದರು, "ಮೂರನೇ ವಚನ ಯಾರದು? ಓದಿ, ಓದಿ."

ಬಿಡುಗಡೆಯಾದ ಪೇತ್ರ ಆ ಪ್ರಾರ್ಥನೆಯ ಮನೆಗೇ ಬಂದು ಬಾಗಿಲು ತಟ್ಟಿ, ಒಳಗಿದ್ದವರು ತೆರೆದು ನೋಡುವವರೆಗೂ ಓದಿದೆವು. ಎಲ್ಲರೂ ಹೊರಟ ಮೇಲೆ ಆಂಟಿ ನನ್ನ ಕೈ ಹಿಡಿದುಕೊಂಡರು. "ಪೇತ್ರನೇ ಬಂದು ಬಾಗಿಲು ತಟ್ಟಿದ್ರೂ ಒಳಗಿದ್ದೋರು ಮೊದಲು ನಂಬ್ಲಿಲ್ಲ ನೋಡು. ನಾನು ಈಗ್ಲೂ ಯಾರು ತಟ್ಟಿದ್ರೂ ಇವರೇ ಬಂದ್ರೇನೋ ಅಂತ ಎದ್ದು ಓಡ್ತೀನಿ."

ಅವರ ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ನಂಬಿಕೆ ಹೋಗಿಲ್ಲ, ಗೊಂದಲವೂ ಹೋಗಿಲ್ಲ. ಎರಡನ್ನೂ ಇಟ್ಟುಕೊಂಡೇ ಪ್ರಾರ್ಥನೆಗೆ ಕೂರುತ್ತೇನೆ. ಆದರೆ ಸುಗುಣ ಆಂಟಿಯ ಮನೆಗೆ ಹೋದಾಗ ಮಾತ್ರ ಬಾಗಿಲು ತಟ್ಟುವುದಿಲ್ಲ. ಗೇಟಿನಿಂದಲೇ, "ಆಂಟೀ, ನಾನು ಪ್ರೇಮಾ," ಎಂದು ಕೂಗುತ್ತೇನೆ.