‘ಸಾಕು’ ಎಂದು ಬರೆದ ಕಾಗದ

ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲಿ ನನಗಿನ್ನೂ ಬಿಡದಿರುವ ಅಭ್ಯಾಸ ಥ್ಯಾಂಕ್ಯೂ ಕಾಗದ ಬರೆಯುವುದು. ಎಡಗಡೆ ಸ್ಕೇಲಿಟ್ಟು ಎಳೆದ ಮಾರ್ಜಿನ್, ನೀಲಿ ಶಾಯಿ, ಕೊನೆಗೊಂದು ವಿನಯದ ಸಾಲು. ಸಿಡ್ನಿಗೆ ಬಂದು ಇಷ್ಟು ವರ್ಷವಾದರೂ ಊಟಕ್ಕೆ ಕರೆದವರಿಗೆಲ್ಲ ಬರೆಯುತ್ತೇನೆ. ಅಂಥದೇ ಒಂದು ಕಾಗದ ಮಗಳಿಗೆ ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ರೇಗುತ್ತದೆ.

ಮಗಳು ಅಮೆರಿಕದ ಕಾಲೇಜೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಮೇಲೆ ಓದುತ್ತಾಳೆ. ಅಲ್ಲೀಗ ಆಟಗಾರರಿಗೆ ಕಾಲೇಜೇ ದುಡ್ಡು ಕೊಡಬಹುದು. ಎಷ್ಟು ಎಂಬುದಕ್ಕೆ ಸರ್ಕಾರ ಕಾನೂನು ಮಾಡಿ ಮಿತಿ ಹಾಕಲಿ ಎಂದು ಕಾಲೇಜಿನವರು. ಮಿತಿ ಬೇಕಾದರೆ ನಮ್ಮ ಜೊತೆ ಕೂತು ಮಾತಾಡಿ ತೀರ್ಮಾನಿಸಲಿ ಎಂದು ಆಟಗಾರರು. ಅವಳ ತಂಡದ ಹುಡುಗಿಯರೂ ಹಾಗೆಂದು ಮನವಿ ಬರೆದು ಸಹಿ ಹಾಕುತ್ತಿದ್ದರು. ಇದೊಂದೂ ತಿಳಿಯದ ನಾನು, ಅವಳ ಮಂಡಿ ಆಪರೇಷನ್ ಆದಾಗ ನೋಡಿಕೊಂಡದ್ದಕ್ಕೆ ಕೋಚ್‌ಗೆ ಕಾಗದ ಬರೆದೆ. ‘ಸ್ಕಾಲರ್‌ಶಿಪ್ಪೇ ನಮಗೆ ಸಾಕಷ್ಟಾಯಿತು, ಇನ್ನೇನೂ ಬೇಡ’ ಎಂಬುದು ಕೊನೆಯ ಸಾಲು. ನಮ್ಮ ಯಜಮಾನರು ಓದಿ, ಚೆನ್ನಾಗಿದೆ ಎಂದು ತಾವೇ ಪೋಸ್ಟ್ ಮಾಡಿ ಬಂದರು.

ಕೋಚ್ ಅದನ್ನು ಮೀಟಿಂಗಿನಲ್ಲಿ ಇಡೀ ತಂಡದ ಎದುರು ಓದಿದರಂತೆ. ಮಡಿಸಿ ಜೇಬಿಗಿಟ್ಟುಕೊಳ್ಳುತ್ತಾ, ಇಂಥ ಮನೆಯವರೂ ಇದ್ದಾರೆ ನೋಡಿ ಎಂದರಂತೆ. ಮಾರನೆಯ ದಿನ ಇಬ್ಬರು ಸಹಿ ವಾಪಸ್ ತೆಗೆದುಕೊಂಡರು. ಉಳಿದವರು ನನ್ನ ಮಗಳ ಜೊತೆ ಮಾತು ಬಿಟ್ಟರು. ಅವಳ ರೂಮ್‌ಮೇಟ್, ಮೆಲ್ಬರ್ನ್‌ನ ಹುಡುಗಿ, ಅವಳೂ.

ಜೂನ್ ರಜೆಗೆ ಮಗಳು ಸಿಡ್ನಿಯ ಸ್ಕೋಫೀಲ್ಡ್ಸ್‌ನ ನಮ್ಮ ಮನೆಗೆ ಬಂದಳು. ಫೋನನ್ನು ಸದಾ ಕವುಚಿ ಇಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಒಂದು ವಾರದ ಮೇಲೆ, ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ತಂದ ಸಾಮಾನು ಡಬ್ಬಕ್ಕೆ ತುಂಬುತ್ತಿದ್ದಾಗ ಎಲ್ಲ ಹೇಳಿ, ಕೇಳಿದಳು.

“ಯಾಕಮ್ಮ ಹಾಗೆ ಬರ್ದೆ?”

“ಮರ್ಯಾದೆಗೆ ಹಾಗೆ ಬರೀತಾರೆ ಕಣೆ.”

“ಅವ್ರು ಎವಿಡೆನ್ಸ್ ಥರ ಓದಿದ್ರು.”

ಯಜಮಾನರು ಟಿವಿ ಸದ್ದು ತಗ್ಗಿಸಿದರು. “ಗೌರ್ನಮೆಂಟ್ ಒಂದು ಲಿಮಿಟ್ ಹಾಕಿದ್ರೆ ತಪ್ಪೇನು? ಫೀಸ್ ಇಲ್ಲ, ಊಟ ಫ್ರೀ, ಶೂನೂ ಫ್ರೀ.”

“ಕೋಚ್ ಸ್ಯಾಲರಿಗೆ ಲಿಮಿಟ್ ಇದ್ಯಾ ಅಪ್ಪ?”

“ಅದು ಬೇರೆ.”

“ಹೇಗೆ ಬೇರೆ?”

ಟಿವಿ ಸದ್ದು ಮತ್ತೆ ಏರಿತು. ಇದೇ ಅವರ ಉತ್ತರ, ಮದುವೆಯಾದಾಗಿನಿಂದ.

“ಸ್ಟೂಡೆಂಟ್ ವೀಸಾ ಅಲ್ವಾ, ನಂಗೆ ಆ ದುಡ್ಡು ಬರುತ್ತೋ ಇಲ್ವೋ,” ಅಂದಳು ಮಗಳು. “ಅದಕ್ಕಲ್ಲ. ಆ ಪಿಟಿಷನ್‌ಗೆ ಫಸ್ಟ್ ಸೈನ್ ಮಾಡಿದ್ದು ನಾನು.”

ರಜೆಗೆ ಮೆಲ್ಬರ್ನ್‌ಗೆ ಬಂದಿದ್ದ ರೂಮ್‌ಮೇಟ್‌ಗೆ ನಾನೇ ಹೋಗಿ ಹೇಳುತ್ತೇನೆ ಎಂದೆ. “ಸಾರಿ ಹೇಳೋಕೆ ಫ್ಲೈಟಾ?” ಎಂದರು ಯಜಮಾನರು. “ಅದಕ್ಕೂ ಒಂದು ಕಾಗದ ಬರ್ದುಬಿಡು.” ನಾನು ಸೂಟ್‌ಕೇಸ್ ಕೆಳಗಿಳಿಸಿದೆ. ಆಮೇಲೆ ಟಿಕೆಟ್ ಅವರೇ ಬುಕ್ ಮಾಡಿದರು.

ಮೆಲ್ಬರ್ನ್‌ನಲ್ಲಿ ಬಾಗಿಲು ತೆರೆದದ್ದು ಆ ಹುಡುಗಿಯ ತಾಯಿ. ಅವರು ನರ್ಸ್. ಡ್ಯೂಟಿ ಮುಗಿಸಿ ಬಂದು, ಎದೆಗೆ ಪಿನ್ ಮಾಡಿಕೊಂಡ ಪುಟ್ಟ ಗಡಿಯಾರವನ್ನೂ ತೆಗೆದಿರಲಿಲ್ಲ. ಹುಡುಗಿ ಜ್ಯಾಕೆಟ್ಟಿನ ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ಸೋಫಾದ ಆ ತುದಿಗೆ, ನನ್ನ ಮಗಳು ಈ ತುದಿಗೆ. ನಡುವೆ ನಾನು ತಂದ ಕೊಬ್ಬರಿ ಮಿಠಾಯಿಯ ಡಬ್ಬ, ಮುಚ್ಚಳ ಹಾಕಿದ್ದಂತೆಯೇ.

ನನಗೆ ತಿಳಿದ ಹಾಗೆ ಹೇಳಿದೆ. ನಮ್ಮ ಕಡೆ ಊಟಕ್ಕೆ ಕೂತವರು ಸಾಕು, ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು ಆ ಕೈ ಸರಿಸಿ ಇನ್ನೊಂದು ಸೌಟು ಹಾಕುತ್ತಾರೆ. ಒಬ್ಬರು ಸಾಕೆಂದರು ಎಂದು ಇಡೀ ಪಂಕ್ತಿಗೆ ಬಡಿಸುವುದನ್ನು ಯಾರೂ ನಿಲ್ಲಿಸುವುದಿಲ್ಲ. ನಿಮ್ಮ ಕೋಚ್ ಅದನ್ನೇ ಮಾಡಿದರು.

ಹುಡುಗಿಯ ತಾಯಿ ನಕ್ಕರು. ತಮ್ಮ ಆಸ್ಪತ್ರೆಯಲ್ಲಿ ಸಂಬಳದ ಮಾತಿಗೆ ಯಾವ ನರ್ಸೂ ಒಬ್ಬಳೇ ಮ್ಯಾನೇಜರ್ ರೂಮಿಗೆ ಹೋಗುವುದಿಲ್ಲ ಎಂದರು. ಒಬ್ಬೊಬ್ಬರನ್ನೇ ಕರೆದರೆ ಯಾರಾದರೂ ನಾಚಿಕೆಗೆ ಸಾಕು ಅಂದೇ ಅನ್ನುತ್ತಾರೆ, ಅದಕ್ಕೇ ಒಟ್ಟಿಗೆ ಹೋಗುವುದು. ಹೇಳುತ್ತಲೇ ಡ್ರಾಯರ್‌ನಿಂದ ಒಂದು ಪ್ಯಾಡ್ ತೆಗೆದು ನನ್ನ ಮುಂದಿಟ್ಟರು.

ನಾನು ಮಾರ್ಜಿನ್ ಎಳೆದು ಕೋಚ್‌ಗೆ ಬರೆಯಲು ಶುರು ಮಾಡಿದೆ. ಮಗಳು ಭುಜದ ಮೇಲಿಂದ ಬಗ್ಗಿ ನೋಡಿದಳು.

“ಅಮ್ಮ, ಮತ್ತೆ ಥ್ಯಾಂಕ್ಯೂನಾ?”

“ಮಂಡಿ ನೋಡ್ಕೊಂಡಿದ್ದು ನಿಜ ತಾನೇ? ಒಂದೇ ಒಂದು.”

ನಾವು ಕನ್ನಡದಲ್ಲಿ ಯಾತಕ್ಕೆ ಜಗಳವಾಡುತ್ತಿದ್ದೇವೆಂದು ಆ ಹುಡುಗಿ ಟೋಪಿಯೊಳಗಿಂದ ಕೇಳಿದಳು. ಮಗಳು ಹೇಳಿದಳು. ಒಂದು ಇರಲಿ ಬಿಡು ಎಂದಳವಳು. ಮೂರು ತಿಂಗಳಲ್ಲಿ ಅವರಿಬ್ಬರ ಮೊದಲ ಮಾತು ಅದು.

ಬರೆದದ್ದು ಇಷ್ಟು: ನನ್ನ ಹಿಂದಿನ ಕಾಗದ ಮಂಡಿಯ ಆರೈಕೆಗೆ ಹೇಳಿದ ಕೃತಜ್ಞತೆ ಮಾತ್ರ. ಹುಡುಗಿಯರಿಗೆ ಎಷ್ಟು ಸಾಕೆಂದು ಹೇಳಲು ನಾನ್ಯಾರು? ಅವರನ್ನು ಒಟ್ಟಿಗೆ ಕೂರಿಸಿಕೊಂಡು ಅವರನ್ನೇ ಕೇಳಿ. ದಯವಿಟ್ಟು ಇದನ್ನೂ ಎಲ್ಲರೆದುರು ಓದಿ.

ನಾನು ಸಹಿ ಹಾಕಿದೆ. ಆ ತಾಯಿ ಪೆನ್ನು ಇಸಿದುಕೊಂಡು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ಹುಡುಗಿ ಫೋಟೋ ತೆಗೆದು ತಂಡದ ಗ್ರೂಪಿಗೆ ಕಳಿಸಿ, ಮಿಠಾಯಿ ಡಬ್ಬದ ಮುಚ್ಚಳ ತೆಗೆದಳು.

ಸಹಿ ವಾಪಸ್ ಪಡೆದ ಇಬ್ಬರಲ್ಲಿ ಒಬ್ಬಳು ಮತ್ತೆ ಹಾಕಿದ್ದಾಳೆ. ಇನ್ನೊಬ್ಬಳು ಯೋಚಿಸುತ್ತಿದ್ದಾಳಂತೆ. ಪೋಸ್ಟ್ ಮಾಡಿದ ಕಾಗದಕ್ಕೆ ಕೋಚ್ ಉತ್ತರ ಬರೆದಿಲ್ಲ, ಆದರೂ ಯಜಮಾನರು ದಿನಾ ಲೆಟರ್‌ಬಾಕ್ಸ್ ತೆಗೆದು ನೋಡುತ್ತಾರೆ. ಮಗಳ ಫೋನು ಈಗ ಊಟದ ಮೇಜಿನ ಮೇಲೆ ಅಂಗಾತ ಬಿದ್ದಿರುತ್ತದೆ. ಸಾರನ್ನ ಕಲೆಸುವಷ್ಟರಲ್ಲಿ ನಾಲ್ಕು ಸಲ ಗುಂಯ್ ಎನ್ನುತ್ತದೆ. ಎತ್ತಿಡು ಎಂದು ರೇಗಬೇಕೆನಿಸುತ್ತದೆ. ರೇಗುವುದಿಲ್ಲ.