ಸೂಜಿ ತಡೆದ ಮಾತು

ಭೂತ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ಮೊದಲು ಬಿಪಿ ನೋಡಿಸಿಕೊಳ್ಳಿ ಎಂದು ಗೇಲಿ ಮಾಡುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ಸರಿ.

ಎಂಬತ್ತರ ದಶಕದ ಆರಂಭ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರರೋಗಗಳ ವೈದ್ಯ. ಒಂದು ಮಧ್ಯಾಹ್ನ ಜೆಪ್ಪುವಿನಿಂದ ಹೋಟೆಲಿನ ಶೆಟ್ಟರೊಬ್ಬರನ್ನು ಹೊತ್ತು ತಂದರು. ನಲವತ್ತು ದಾಟಿರಲಿಲ್ಲ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಬಿಪಿ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಹೃದಯ ಗಟ್ಟಿಯಾಗಿತ್ತು. ಬೆನ್ನುಹುರಿಯ ನೀರು ತೆಗೆದು ನೋಡಿದೆ, ತಿಳಿಯಾಗಿತ್ತು, ರಕ್ತಸ್ರಾವದ ಸುಳಿವಿರಲಿಲ್ಲ. ತಲೆಯ ಸ್ಕ್ಯಾನ್ ನಮ್ಮಲ್ಲಿ ಆಗ ಇರಲಿಲ್ಲ. ಕುತ್ತಿಗೆಯ ರಕ್ತನಾಳಕ್ಕೇ ಸೂಜಿ ಚುಚ್ಚಿ, ಮದ್ದು ಬಿಟ್ಟು ಎಕ್ಸ್‌ರೇ ತೆಗೆಯುವುದೊಂದೇ ದಾರಿ.

ಮೇಜಿನ ಮೇಲೆ ಅವರ ತಲೆ ಸರಿಪಡಿಸಿ, ಕುತ್ತಿಗೆಯ ನಾಡಿಯನ್ನು ಬೆರಳಲ್ಲಿ ಹಿಡಿದು ಸೂಜಿ ಎತ್ತಿದೆ.

"ಕುತ್ತಿಗೆ ಮುಟ್ಬೇಡಿ."

ಗಂಡಸಿನ ಒರಟು ದನಿ, ನನ್ನ ಕಿವಿಯ ಹತ್ತಿರವೇ. ಶೆಟ್ಟರ ತುಟಿ ಅಲುಗಿರಲಿಲ್ಲ. ಎದುರಿಗಿದ್ದ ನರ್ಸಿಗೆ ಏನೂ ಕೇಳಿಸಿರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆದರಿದೆ, ಅದನ್ನು ಹೇಳಲು ನಾಚಿಕೆಯೇನಿಲ್ಲ.

ಸೂಜಿ ಕೆಳಗಿಟ್ಟು ಹೊರಗೆ ಬಂದು, ಕುತ್ತಿಗೆಗೇನಾದರೂ ಪೆಟ್ಟಾಗಿತ್ತೇ ಎಂದು ಅವರ ಹೆಂಡತಿಯನ್ನು ಕೇಳಿದೆ.

"ಎಂತ ಆಗಿಲ್ಲ ಡಾಕ್ಟ್ರೇ. ನಿನ್ನೆ ಸೆಲೂನಿಗೆ ಹೋಗಿದ್ರು. ನೆಟಿಗೆ ತೆಗೆದದ್ದು ಜೋರಾಯ್ತು, ಕುತ್ತಿಗೆ ನೋವುಂಟು ಅಂತ ಹೇಳ್ತಾ ಇದ್ರು, ಅಷ್ಟೇ."

ಕ್ಷೌರ ಮುಗಿದ ಮೇಲೆ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಲಟಕ್ಕೆಂದು ತಿರುಚಿಸಿಕೊಳ್ಳದಿದ್ದರೆ ನಮ್ಮ ಗಂಡಸರಿಗೆ ಕೊಟ್ಟ ದುಡ್ಡು ದಕ್ಕಿದಂತಾಗುವುದಿಲ್ಲ. ಆ ತಿರುಚಿಗೆ ರಕ್ತನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿತ್ತು. ಆ ಹರಿದ ನಾಳಕ್ಕೇ ನಾನು ಸೂಜಿ ಚುಚ್ಚಲಿದ್ದೆ. ಕುತ್ತಿಗೆಗೆ ಕೈ ಹಚ್ಚದೆ, ರಕ್ತ ಇನ್ನಷ್ಟು ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟೆವು. ಜೀವ ಉಳಿಯಿತು. ಕಾಲು ಸ್ವಲ್ಪ ಬಂತು, ಕೈ ಬರಲಿಲ್ಲ. ಮಾತಂತೂ ಕೊನೆಗೂ ಬರಲಿಲ್ಲ.

ದನಿಯ ಸಂಗತಿಯನ್ನು ಅವರ ಹೆಂಡತಿಗೆ ತಡೆಯಲಾರದೆ ಹೇಳಿಬಿಟ್ಟಿದ್ದೆ. ಆಕೆ ಗಂಡನನ್ನು ತೋರಿಸಲು ಬಂದಾಗಲೆಲ್ಲ, ಹೊರಡುವ ಮುಂಚೆ, ಅದನ್ನೇ ಕೇಳುತ್ತಿದ್ದರು.

"ನಿಮ್ಮ ಹತ್ರ ಒಂದು ಸಲ ಮಾತಾಡಿದ್ದಾರಲ್ಲ ಡಾಕ್ಟ್ರೇ. ನನ್ನ ಹತ್ರ ಯಾಕೆ ಮಾತಾಡುದಿಲ್ಲ?"

ಶೆಟ್ಟರು ಪಕ್ಕದಲ್ಲೇ ಕುಳಿತು ನನ್ನ ಮುಖ ನೋಡುತ್ತಿದ್ದರು. ಅದು ಅವರದೇ ದನಿ ಎನ್ನಲು, ಅವರ ದನಿ ಹೇಗಿತ್ತೆಂದೇ ನನಗೆ ಗೊತ್ತಿಲ್ಲ.